ತೆಳು ತಗಡಿಗೆ ತೆಳು ವೈರ್

ಮಳೆಗಾಲ ಮುಗಿದ ಮೇಲೆ ಮಂಗಳೂರು, ಉಡುಪಿ, ಕಾರವಾರದ ಕಡೆಯ ಯಾವ ಟಿಂಕರಿಂಗ್ ಗ್ಯಾರೇಜಿಗೆ ಹೋದರೂ ತುಕ್ಕು ತಿಂದ ಹಳೆಯ ಕಾರೊಂದು ಕಣ್ಣಿಗೆ ಬೀಳುತ್ತದೆ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಒಳಗಿನಿಂದ ಟೊಳ್ಳಾಗಿರುತ್ತದೆ. ಮ್ಯಾಟ್ ಎತ್ತಿದರೆ ಕಾಲಿಡುವ ಜಾಗದಲ್ಲಿ ನೆಲವೇ ಕಾಣುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಮಾರುತಿ 800 ಇಂದಿಗೂ ಎಷ್ಟೋ ಮನೆಗಳಲ್ಲಿ ಓಡುತ್ತಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅದನ್ನು ಮುಂದುವರಿಸಲು ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಬೇಕು. ಕಾರನ್ನು ಉಳಿಸಿಕೊಳ್ಳಬೇಕೆನ್ನುವವರು ಆಗ ವೆಲ್ಡಿಂಗ್‌ನವರನ್ನು ಹುಡುಕಿಕೊಂಡು ಬರುತ್ತಾರೆ.

ಅಲ್ಲಿ ನಡೆಯುವುದು ಹೆಚ್ಚಾಗಿ ಇಷ್ಟು. ಗೇಟು, ಗ್ರಿಲ್ ಬೆಸೆಯುವ ಮಿಷನ್ನನ್ನೇ ಕಾರಿನ ಪಕ್ಕಕ್ಕೆ ಎಳೆದು ತರುತ್ತಾರೆ. ಗನ್ ಮುಟ್ಟಿಸಿದ ತಕ್ಷಣ ತಗಡು ತೂತಾಗುತ್ತದೆ. ಕರೆಂಟ್ ಇಳಿಸುತ್ತಾರೆ. ಆಗ ವೈರ್ ಕರಗದೆ ತಗಡಿನ ಮೇಲೆ ಉಂಡೆಯಾಗಿ ಕೂರುತ್ತದೆ. ಮತ್ತೆ ಏರಿಸಿದರೆ ತೂತು ಇನ್ನೂ ದೊಡ್ಡದಾಗುತ್ತದೆ. ಕೊನೆಗೆ ಅಲ್ಲಲ್ಲಿ ಅಂಟಿಕೊಂಡ ತಗಡಿನ ಮೇಲೆ ಪುಟ್ಟಿ ಬಳಿದು, ಉಜ್ಜಿ, ಬಣ್ಣ ಹೊಡೆದು ಗಾಡಿ ಕಳಿಸುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಪುಟ್ಟಿ ಉಬ್ಬಿ ಎದ್ದು, ಅಡಿಯ ತುಕ್ಕು ಹೊರಗೆ ಬರುತ್ತದೆ. ಎಲ್ಲರೂ ವೆಲ್ಡರ್‌ನ ಕೈಯನ್ನು ದೂರುತ್ತಾರೆ. ಆದರೆ ಆ ಕೆಲಸ ಕೆಟ್ಟಿದ್ದು ಸ್ವಿಚ್ ಒತ್ತುವ ಮೊದಲೇ, ಮಿಷನ್ನಿಗೆ ಯಾವ ವೈರಿನ ರೋಲ್ ಹಾಕಿದ್ದರು ಎಂಬಲ್ಲಿಯೇ.

ವೈರೇ ಯಾಕೆ ಮುಖ್ಯ

ಮಿಗ್ ವೆಲ್ಡಿಂಗಿನಲ್ಲಿ (ಗ್ಯಾರೇಜಿನವರ ಬಾಯಲ್ಲಿ ಇದು ಸಿಒಟು ವೆಲ್ಡಿಂಗ್) ವೈರಿಗೆ ಎರಡು ಕೆಲಸ. ಕರೆಂಟನ್ನು ತಗಡಿನವರೆಗೆ ಒಯ್ಯುವುದೂ ಅದೇ, ಕರಗಿ ಬೆಸುಗೆಗೆ ಲೋಹ ಕೊಡುವುದೂ ಅದೇ. ಹಾಗಾಗಿ ವೈರ್ ದಪ್ಪವಿದ್ದಷ್ಟೂ ಅದನ್ನು ಸಮನಾಗಿ ಕರಗಿಸಲು ಹೆಚ್ಚು ಕರೆಂಟ್ ಬೇಕು. ಆ ಕರೆಂಟಿನ ಕಾವನ್ನೆಲ್ಲ ತಗಡು ತಾಳಿಕೊಳ್ಳಬೇಕು.

ಕಾರಿನ ಬಾಗಿಲು, ಬಾನೆಟ್, ಫೆಂಡರ್‌ಗಳ ತಗಡು ಸಾಮಾನ್ಯವಾಗಿ 0.6ರಿಂದ 0.8 ಮಿ.ಮೀ. ದಪ್ಪ. ಒಳಗಿನ ಬಲದ ಭಾಗಗಳು 1 ಮಿ.ಮೀ. ದಾಟುತ್ತವೆ. ಸಾದಾ ಉಕ್ಕನ್ನು ಬೆಸೆಯಲು ಒಂದು ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪ್ಸ್ ಎಂಬುದು ವೆಲ್ಡರ್‌ಗಳ ಹಳೆಯ ಲೆಕ್ಕ. ಅಂದರೆ 0.8 ಮಿ.ಮೀ. ತಗಡಿಗೆ 30 ಆಂಪ್ಸ್ ಆಸುಪಾಸು. ಈಗ ವೈರಿನ ಕಡೆ ನೋಡಿ. 0.6 ಮಿ.ಮೀ. ವೈರ್ ಸುಮಾರು 30 ಆಂಪ್ಸ್‌ನಿಂದಲೇ ಸರಾಗವಾಗಿ ಉರಿಯುತ್ತದೆ. 0.8ರ ವೈರಿಗೆ 40 ಬೇಕು, 0.9ಕ್ಕೆ 50. ಗೇಟು, ಟ್ರೇಲರ್ ಕೆಲಸದ 1.2 ಮಿ.ಮೀ. ವೈರಿಗೆ ಕನಿಷ್ಠ 75 ಆಂಪ್ಸ್ ಇಲ್ಲದಿದ್ದರೆ ಆರ್ಕ್ ನಿಲ್ಲುವುದೇ ಇಲ್ಲ. ತಗಡು ತಾಳುವುದು 30, ವೈರ್ ಕೇಳುವುದು 75. ಇವೆರಡರ ನಡುವೆ ಎಂಥ ನುರಿತ ಕೈಗೂ ದಾರಿಯಿಲ್ಲ. 1.2ರ ವೈರಿನ ಅಡ್ಡಕೊಯ್ತದ ವಿಸ್ತೀರ್ಣ 0.6ರ ವೈರಿನ ನಾಲ್ಕು ಪಟ್ಟು. ಅಂಥ ದಪ್ಪ ವೈರಿನಿಂದ ಕಾರಿನ ತಗಡು ಬೆಸೆಯುವುದೆಂದರೆ ರೇಷ್ಮೆ ಸೀರೆಗೆ ದಬ್ಬಳದಲ್ಲಿ ಹೊಲಿಗೆ ಹಾಕಿದಂತೆ.

ಈ ವಿದ್ಯೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಈ ವಿಧಾನ ರೂಪುಗೊಂಡಿತು. 1953ರಲ್ಲಿ ರಷ್ಯಾದ ತಂತ್ರಜ್ಞರು ಕಾರ್ಬನ್ ಡೈಆಕ್ಸೈಡ್ ಬಳಸಿ ಉಕ್ಕನ್ನು ಅಗ್ಗವಾಗಿ ಬೆಸೆಯುವುದನ್ನು ತೋರಿಸಿದರು. ಆಗಲೂ ಅದು ದಪ್ಪ ಲೋಹದ ಕೆಲಸವಾಗಿಯೇ ಇತ್ತು. 1958-59ರ ಹೊತ್ತಿಗೆ ತೆಳು ವೈರ್ ಬಳಸುವ, ಕಡಿಮೆ ಕಾವಿನ ವಿಧಾನ ಬಂತು. ಅದರಲ್ಲಿ ವೈರಿನ ತುದಿ ಸೆಕೆಂಡಿಗೆ ಹತ್ತಾರು ಬಾರಿ, ಕೆಲವೊಮ್ಮೆ ಇನ್ನೂರಕ್ಕೂ ಹೆಚ್ಚು ಬಾರಿ ಕರಗಿದ ಲೋಹವನ್ನು ಮುಟ್ಟಿ, ಒಂದೊಂದೇ ಹನಿಯನ್ನು ಬಿಟ್ಟು ಹಿಂದೆ ಸರಿಯುತ್ತದೆ. ತೆಳು ತಗಡಿನ ಬೆಸುಗೆ ಈ ವಿಧಾನಕ್ಕೆ ದಕ್ಕಿದ್ದು ಆಗಲೇ.

ಹಾಗಾಗಿ ಕೆಲಸ ಕಲಿಯುವ ಹುಡುಗ "ಅಣ್ಣಾ, ಕರೆಂಟ್ ಇನ್ನೂ ಸ್ವಲ್ಪ ಇಳಿಸ್ಲಾ?" ಎಂದರೆ ಬಲ್ಲ ಮೇಸ್ತ್ರಿಯ ಉತ್ತರ ಒಂದೇ: "ಅದಿರ್ಲಿ, ಮೊದ್ಲು ರೋಲ್ ಬದ್ಲಾಯ್ಸು."

ಕೊಳ್ಳುವಾಗ ಏನು ನೋಡಬೇಕು

ರೋಲಿನ ಡಬ್ಬದ ಮೇಲೆ ಇಆರ್70ಎಸ್-6 ಎಂದಿರಲಿ. ಇದರಲ್ಲಿ 70 ಎಂಬುದು ಬೆಸುಗೆಯ ಬಲವನ್ನು ಹೇಳುತ್ತದೆ, ನಮ್ಮ ಅಳತೆಯಲ್ಲಿ ಸುಮಾರು 480 ಮೆಗಾಪ್ಯಾಸ್ಕಲ್. ಎಸ್ ಎಂದರೆ ಗಟ್ಟಿ ವೈರ್. ಕೊನೆಯ 6 ಅದರ ಲೋಹದ ಮಿಶ್ರಣವನ್ನು ಸೂಚಿಸುತ್ತದೆ. ಈ ವೈರಿನಲ್ಲಿ ಮ್ಯಾಂಗನೀಸ್ ಶೇ 1.4ರಿಂದ 1.85, ಸಿಲಿಕಾನ್ ಶೇ 0.8ರಿಂದ 1.15ರವರೆಗೆ ಇರುತ್ತದೆ. ಇವೆರಡೂ ಕರಗಿದ ಲೋಹದಲ್ಲಿ ಸೇರಿಕೊಂಡ ಆಮ್ಲಜನಕವನ್ನು ಹಿಡಿದು ಮೇಲಕ್ಕೆ ತರುತ್ತವೆ. ಹಳೆಯ ಕಾರಿನ ತಗಡನ್ನು ಎಷ್ಟೇ ಉಜ್ಜಿದರೂ ಮೂಲೆಯಲ್ಲಿ ಒಂದಿಷ್ಟು ತುಕ್ಕು ಉಳಿದೇ ಉಳಿಯುತ್ತದೆ. ಅದನ್ನು ತಾಳಿಕೊಳ್ಳುವ ಗುಣ ಈ ವೈರಿಗೆ ಇಆರ್70ಎಸ್-3ಕ್ಕಿಂತ ಹೆಚ್ಚು.

ಸಣ್ಣ ಊರುಗಳ ಅಂಗಡಿಯಲ್ಲಿ 0.6ರ ರೋಲ್ ಸುಲಭವಾಗಿ ಸಿಗದಿರಬಹುದು, 0.8ರದ್ದು ಸಿಗುತ್ತದೆ. 0.8 ಮಿ.ಮೀ. ಮತ್ತು ಅದಕ್ಕಿಂತ ದಪ್ಪದ ತಗಡಿಗೆ, ಚಿಕ್ಕ ಚಿಕ್ಕ ಟ್ಯಾಕ್ (ಚುಕ್ಕೆಯಂಥ ಬೆಸುಗೆ) ಹಾಕುವುದಾದರೆ, 0.8ರ ವೈರಿನಲ್ಲೂ ಒಳ್ಳೆಯ ಕೆಲಸ ಮಾಡಬಹುದು. ಬಾಗಿಲು, ಬಾನೆಟ್ಟಿನಂಥ ತೆಳು ತಗಡಿಗೆ ಮಾತ್ರ 0.6 ತರಿಸಿಕೊಳ್ಳುವುದೇ ಮೇಲು. ತೇವದ ಊರಿನಲ್ಲಿ ದೊಡ್ಡ ರೋಲ್ ಮುಗಿಯುವಷ್ಟರಲ್ಲಿ ಮೇಲಿನ ಸುತ್ತುಗಳು ತುಕ್ಕು ಹಿಡಿಯುತ್ತವೆ. ತುಕ್ಕು ಹಿಡಿದ ವೈರ್ ಗನ್ನಿನ ಕೇಬಲ್ಲಿನ ಲೈನರಿನೊಳಗೆ ತಡೆತಡೆದು ಬರುತ್ತದೆ. ಆದ್ದರಿಂದ ಚಿಕ್ಕ ರೋಲ್ ಕೊಂಡು, ಕೆಲಸವಿಲ್ಲದಾಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ರೋಲ್ ಬದಲಾಯಿಸಿದರಷ್ಟೇ ಸಾಲದು. ಗನ್ನಿನ ತುದಿಯ ತಾಮ್ರದ ಟಿಪ್ ಕೂಡ ಅದೇ ಅಳತೆಯದ್ದಾಗಬೇಕು. 0.8ರ ಟಿಪ್ಪಿನಲ್ಲಿ 0.6ರ ವೈರ್ ಅಲ್ಲಾಡುತ್ತದೆ, ಕರೆಂಟ್ ಒಮ್ಮೆ ಸಿಕ್ಕಿ ಒಮ್ಮೆ ತಪ್ಪುತ್ತದೆ. ವೈರನ್ನು ತಳ್ಳುವ ರೋಲರಿನ ಕಚ್ಚು ಆ ವೈರಿನದ್ದೇ ಇರಬೇಕು. ರೋಲರನ್ನು ಅತಿಯಾಗಿ ಬಿಗಿದರೆ ತೆಳು ವೈರ್ ಚಪ್ಪಟೆಯಾಗಿ, ಮಿಷನ್ನಿನೊಳಗೇ ಗೋಜಲಾಗಿ ಸುತ್ತಿಕೊಳ್ಳುತ್ತದೆ. ಗನ್ನನ್ನು ಒಣ ಮರದ ತುಂಡಿನ ಕಡೆ ಹಿಡಿದು ಟ್ರಿಗರ್ ಒತ್ತಿ ನೋಡಿ. ಮರಕ್ಕೆ ತಾಗಿದ ವೈರ್ ಬಾಗಿ ಮುಂದೆ ಬರುತ್ತಿರಬೇಕು. ಪೂರ್ತಿ ತಡೆದರೆ ರೋಲರ್ ಜಾರಬೇಕೇ ಹೊರತು ವೈರ್ ಮುದುಡಬಾರದು.

ಗಟ್ಟಿ ವೈರಿಗೆ ಗ್ಯಾಸ್ ಬೇಕೇ ಬೇಕು. ಬರಿಯ ಕಾರ್ಬನ್ ಡೈಆಕ್ಸೈಡ್ ಅಗ್ಗ, ಆದರೆ ಅದರ ಆರ್ಕ್ ಒರಟು. ಕಿಡಿ ಹೆಚ್ಚು ಹಾರುತ್ತದೆ, ಕಾವು ಆಳಕ್ಕೆ ಇಳಿಯುತ್ತದೆ. ದಪ್ಪ ಕಬ್ಬಿಣಕ್ಕೆ ಗುಣವಾದದ್ದು ತೆಳು ತಗಡಿಗೆ ದೋಷ. ಶೇ 75 ಅಥವಾ 80ರಷ್ಟು ಆರ್ಗಾನ್, ಉಳಿದದ್ದು ಕಾರ್ಬನ್ ಡೈಆಕ್ಸೈಡ್ ಇರುವ ಮಿಕ್ಸ್ ಗ್ಯಾಸಿನಲ್ಲಿ ಆರ್ಕ್ ಮೆತ್ತಗಿರುತ್ತದೆ, ಕಡಿಮೆ ವೋಲ್ಟೇಜಿನಲ್ಲೂ ನಿಲ್ಲುತ್ತದೆ. ನಿಮಿಷಕ್ಕೆ 8ರಿಂದ 10 ಲೀಟರ್ ಸಾಕು. ಹೆಚ್ಚು ಬಿಟ್ಟರೆ ಗ್ಯಾಸ್ ಸುಳಿ ತಿರುಗಿ ಹೊರಗಿನ ಗಾಳಿಯನ್ನೇ ಒಳಕ್ಕೆಳೆದು ಬೆಸುಗೆಯಲ್ಲಿ ರಂಧ್ರ ಬೀಳುತ್ತದೆ. ಎಷ್ಟೇ ಸೆಕೆಯಿದ್ದರೂ ಬೆಸೆಯುವಾಗ ಎದುರಿನ ಫ್ಯಾನ್ ಆರಿಸಿ.

ಗ್ಯಾಸ್ ಇಲ್ಲದೆ ಉರಿಯುವ ಫ್ಲಕ್ಸ್ ತುಂಬಿದ ವೈರೂ ಮಾರಾಟಕ್ಕಿದೆ. ಗಾಳಿ ಬೀಸುವ ಬಯಲಿನಲ್ಲಿ, ದಪ್ಪ ಕಬ್ಬಿಣಕ್ಕೆ ಅದು ಒಳ್ಳೆಯದು. ಕಾರಿನ ತಗಡಿಗೆ ಅದರ ಕಾವು ಹೆಚ್ಚು, ಮೇಲೆ ಕಿಟ್ಟವೂ ಕೂರುತ್ತದೆ. ಅದಕ್ಕೆ ಗನ್ ನೆಗೆಟಿವ್ ಇರಬೇಕು, ಗ್ಯಾಸ್ ಬಳಸುವ ಗಟ್ಟಿ ವೈರಿಗೆ ಗನ್ ಪಾಸಿಟಿವ್. ರೋಲ್ ಬದಲಾಯಿಸಿ ಈ ಕನೆಕ್ಷನ್ ಬದಲಾಯಿಸದೆ, ಇಡೀ ದಿನ ಸೆಟ್ಟಿಂಗ್ ತಿರುಗಿಸುತ್ತ ಕೂರುವವರಿದ್ದಾರೆ.

ಮಿಷನ್ ಕೊಳ್ಳುವವರಿಗೂ ಒಂದು ಮಾತು. ಎಷ್ಟು ಆಂಪ್ಸ್‌ವರೆಗೆ ಏರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕಾರಿನ ಕೆಲಸಕ್ಕಾದರೆ ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿ. 30 ಆಂಪ್ಸ್‌ಗೆ ಇಳಿಯದ ಮಿಷನ್ 400ಕ್ಕೆ ಏರಿದರೂ ಬಾನೆಟ್ಟಿಗೆ ಪ್ರಯೋಜನವಿಲ್ಲ.

ಸೆಟ್ಟಿಂಗ್ ಹಿಡಿಯುವ ಬಗೆ

ಮಿಗ್ ಮಿಷನ್ನಿನಲ್ಲಿ ಎರಡು ಗುಬುಟುಗಳು. ಒಂದು ವೋಲ್ಟೇಜಿನದ್ದು, ಇನ್ನೊಂದು ವೈರ್ ಬರುವ ವೇಗದ್ದು. ವೇಗ ಹೆಚ್ಚಿಸಿದರೆ ಆಂಪ್ಸ್ ತಾನಾಗಿ ಏರುತ್ತದೆ. ವೋಲ್ಟೇಜ್ ಆರ್ಕಿನ ಉದ್ದವನ್ನೂ ಬೆಸುಗೆಯ ಅಗಲವನ್ನೂ ನಿರ್ಧರಿಸುತ್ತದೆ. ಈ ಸಂಬಂಧ ತಿಳಿದರೆ ಕುರುಡಾಗಿ ತಿರುಗಿಸುವುದು ತಪ್ಪುತ್ತದೆ.

0.8 ಮಿ.ಮೀ. ತಗಡು, 0.6ರ ವೈರ್, ಮಿಕ್ಸ್ ಗ್ಯಾಸ್ ಎಂದಿಟ್ಟುಕೊಳ್ಳಿ. ವೋಲ್ಟೇಜ್ 14ರಿಂದ 15.5, ವೈರಿನ ವೇಗ ನಿಮಿಷಕ್ಕೆ 2.5ರಿಂದ 3.5 ಮೀಟರ್. ಇಲ್ಲಿಂದ ಶುರು ಮಾಡಿ. 0.8ರ ವೈರಾದರೆ ವೇಗ ಒಂದೂವರೆಯಿಂದ ಎರಡು ಮೀಟರಿಗೆ ಇಳಿಯಲಿ. ಬರಿಯ ಕಾರ್ಬನ್ ಡೈಆಕ್ಸೈಡ್ ಇದ್ದರೆ ಒಂದೆರಡು ವೋಲ್ಟ್ ಹೆಚ್ಚು ಬೇಕು. ಹಲವು ಮಿಷನ್ನುಗಳಲ್ಲಿ ವೇಗದ ಗುಬುಟಿಗೆ 1ರಿಂದ 10ರವರೆಗೆ ಅಂಕಿಗಳಷ್ಟೇ ಇರುತ್ತವೆ. ಅಂಥ ಕಡೆ ಗನ್ನನ್ನು ಕಾರಿನಿಂದಲೂ ಅರ್ತ್ ಕ್ಲಾಂಪಿನಿಂದಲೂ ದೂರ ಹಿಡಿದು 6 ಸೆಕೆಂಡ್ ಟ್ರಿಗರ್ ಒತ್ತಿ. ಹೊರಬಂದ ವೈರ್ ಕತ್ತರಿಸಿ ಅಳೆದು, ಹತ್ತರಿಂದ ಗುಣಿಸಿ. 30 ಸೆಂ.ಮೀ. ಬಂದಿದ್ದರೆ ವೇಗ ನಿಮಿಷಕ್ಕೆ 3 ಮೀಟರ್. ಒಮ್ಮೆ ಅಳೆದು ಮಿಷನ್ನಿನ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟರೆ ಮುಂದೆ ಎಲ್ಲರಿಗೂ ಅನುಕೂಲ.

ಈ ಅಂಕಿಗಳು ಆರಂಭಕ್ಕೆ ಮಾತ್ರ. ಕೊನೆಯ ತೀರ್ಮಾನ ಕಿವಿಯದ್ದು. ಸೆಟ್ಟಿಂಗ್ ಸರಿಯಿದ್ದರೆ ಚರ್‌ರ್ ಎಂಬ ಸದ್ದು ಏರಿಳಿತವಿಲ್ಲದೆ ಒಂದೇ ಸಮನೆ ಬರುತ್ತದೆ. ಪಟಪಟನೆ ಸಿಡಿದು, ವೈರ್ ಕೈಯಲ್ಲಿರುವ ಗನ್ನನ್ನು ಹಿಂದಕ್ಕೆ ನೂಕುತ್ತಿದ್ದರೆ ವೇಗ ಹೆಚ್ಚಾಗಿದೆ ಇಲ್ಲವೇ ವೋಲ್ಟೇಜ್ ಸಾಲದು. ಬುಸ್ ಎನ್ನುತ್ತ ತುದಿಯಲ್ಲಿ ದೊಡ್ಡ ಹನಿ ತೂಗಾಡಿ, ವೈರ್ ಟಿಪ್ಪಿನವರೆಗೆ ಹಿಂದಕ್ಕೆ ಉರಿದು ಬಂದರೆ ವೋಲ್ಟೇಜ್ ಹೆಚ್ಚಾಗಿದೆ ಇಲ್ಲವೇ ವೇಗ ಕಡಿಮೆ. ಒಂದು ಬಾರಿಗೆ ಒಂದೇ ಗುಬುಟು, ಅದನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಹಳೆಯ ಟ್ರಾನ್ಸ್‌ಫಾರ್ಮರ್ ಮಿಷನ್ನುಗಳಲ್ಲಿ ಸಂಜೆ ಲೈನಿನ ವೋಲ್ಟೇಜ್ ಬಿದ್ದರೆ ಬೆಳಗಿನ ಸೆಟ್ಟಿಂಗ್ ಹೊಂದುವುದಿಲ್ಲ, ಮತ್ತೆ ಪರೀಕ್ಷಿಸಬೇಕು.

ಪರೀಕ್ಷೆಯನ್ನು ಕಾರಿನ ಮೇಲೆ ಮಾಡಬೇಡಿ. ಅಷ್ಟೇ ದಪ್ಪದ ಗುಜರಿ ತಗಡಿನ ಎರಡು ತುಂಡು ಬೆಸೆದು ಹಿಂದುಮುಂದು ತಿರುಗಿಸಿ ನೋಡಿ. ಹಿಂಬದಿಯಲ್ಲಿ ಸಣ್ಣ ಉಬ್ಬು ಒಂದೇ ಸಮನೆ ಕಾಣಬೇಕು. ಬರಿಯ ನೀಲಿ ಕಲೆ ಕಂಡರೆ ಬೆಸುಗೆ ಒಳಗಿಳಿದಿಲ್ಲ, ಮೇಲೆ ಅಂಟಿಕೊಂಡಿದೆ ಅಷ್ಟೆ. ಹನಿ ಜೋತುಬಿದ್ದಿದ್ದರೆ ಕಾವು ಹೆಚ್ಚಾಗಿದೆ. ಬಳಿಕ ಒಂದು ತುಂಡನ್ನು ವೈಸಿಗೆ ಕಚ್ಚಿಸಿ, ಬೆಸುಗೆ ಮುರಿಯುವಂತೆ ಬಗ್ಗಿಸಿ. ಬೆಸುಗೆ ಬಿಡದೆ ಪಕ್ಕದ ತಗಡು ಹರಿದರೆ ಸೆಟ್ಟಿಂಗ್ ಪಾಸಾಯಿತು.

ಗೆರೆ ಎಳೆಯಬೇಡಿ, ಚುಕ್ಕೆ ಇಡಿ

ರನ್ನಿಂಗ್ ಬೋರ್ಡಿನ ಕೆಲಸವನ್ನೇ ತೆಗೆದುಕೊಳ್ಳೋಣ. ಮೊದಲು ಸುತ್ತಿಗೆಯ ಮೊನೆಯಿಂದ ಕುಟ್ಟುತ್ತ ಗಟ್ಟಿ ತಗಡು ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕಬೇಕು. ತುಕ್ಕು ಕಣ್ಣಿಗೆ ಕಾಣುವುದಕ್ಕಿಂತ ದೂರಕ್ಕೆ ಹಬ್ಬಿರುತ್ತದೆ. ಅರೆಬರೆ ತಿಂದ ಅಂಚಿಗೆ ಬೆಸೆದರೆ ಎಂಥ ವೈರಿದ್ದರೂ ತೂತು ಖಂಡಿತ. ಗಟ್ಟಿ ಭಾಗದವರೆಗೆ ಕತ್ತರಿಸಿ, ಅಂಚಿನಿಂದ ಒಂದು ಇಂಚು ಎರಡೂ ಮಗ್ಗುಲು ಹೊಳೆಯುವಂತೆ ಉಜ್ಜಬೇಕು. ಪ್ಯಾಚಿಗೆ 20 ಗೇಜಿನ, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ಸಿಆರ್ ಶೀಟ್ ತನ್ನಿ. ಜಿಐ ಶೀಟ್ ಬೇಡ, ಅದರಲ್ಲಿ ಸತುವಿನ ಲೇಪ ಇರುತ್ತದೆ. ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗುವುದು ಸುಮಾರು 1,500 ಡಿಗ್ರಿಯಲ್ಲಿ. ಉಕ್ಕು ಕರಗುವ ಮೊದಲೇ ಸತು ಆವಿಯಾಗಿ ಬೆಸುಗೆಯೊಳಗೆ ಗುಳ್ಳೆ ಎಬ್ಬಿಸುತ್ತದೆ. ಆ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಬರಬಹುದು.

ಪ್ಯಾಚ್ ಮತ್ತು ಕಾರಿನ ತಗಡಿನ ನಡುವೆ ವೈರಿನಷ್ಟೇ ಸಂದು ಬಿಡಿ. ಕರಗಿದ ಲೋಹ ಅದರಲ್ಲಿಳಿದು ಹಿಂಬದಿ ತಲುಪುತ್ತದೆ. ಟಿಪ್ಪಿನಿಂದ ತಗಡಿಗೆ 6ರಿಂದ 10 ಮಿ.ಮೀ. ಅಂತರವಿರಲಿ. ಗನ್ನನ್ನು ತುಸು ಓರೆ ಮಾಡಿ ಮುಂದಕ್ಕೆ ತಳ್ಳಿದರೆ ಕಾವು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಮೊದಲು ನಾಲ್ಕು ಮೂಲೆಗೆ ಒಂದೊಂದು ಟ್ಯಾಕ್, ಆಮೇಲೆ ಪ್ರತಿ ಬದಿಯ ನಡುವೆ ಒಂದು, ಆಮೇಲೆ ಉಳಿದ ಅಂತರಗಳ ನಡುವೆ. ಒಂದೊಂದು ಟ್ಯಾಕಿಗೂ ಒಂದು ಸೆಕೆಂಡಿಗಿಂತ ಹೆಚ್ಚು ಟ್ರಿಗರ್ ಬೇಡ. ಕರಗಿದ ಲೋಹ ಗುಂಡಗೆ ಹರಡಿ ಎರಡೂ ಅಂಚನ್ನು ಹಿಡಿದ ಗಳಿಗೆಯಲ್ಲಿ ಬೆರಳು ಬಿಡಬೇಕು. ಹಿಂದಿನ ಟ್ಯಾಕ್ ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆಯೇ ಅದರ ಪಕ್ಕದ್ದು. ಅಷ್ಟರಲ್ಲಿ ಎದುರು ಬದಿಯಲ್ಲಿ ಇನ್ನೊಂದನ್ನು ಹಾಕಬಹುದು. ಚುಕ್ಕೆಗಳು ಒಂದಕ್ಕೊಂದು ಕೂಡಿ ಕೊನೆಗೆ ತಾವಾಗಿಯೇ ಗೆರೆಯಾಗುತ್ತವೆ.

ಇಷ್ಟು ತಾಳ್ಮೆ ಯಾಕೆಂದರೆ ಉಕ್ಕು ಕಾದಾಗ ಹಿಗ್ಗುತ್ತದೆ. 10 ಸೆಂ.ಮೀ. ಉದ್ದದ ತಗಡಿನ ಪಟ್ಟಿ 500 ಡಿಗ್ರಿಯಷ್ಟು ಕಾದರೆ ಸುಮಾರು 0.6 ಮಿ.ಮೀ. ಬೆಳೆಯುತ್ತದೆ, ಹೆಚ್ಚುಕಡಿಮೆ ತಗಡಿನ ದಪ್ಪದಷ್ಟೇ. ಸುತ್ತಲಿನ ತಣ್ಣನೆ ಲೋಹ ಅದಕ್ಕೆ ಜಾಗ ಬಿಡುವುದಿಲ್ಲ, ಆದ್ದರಿಂದ ಅದು ಮೇಲಕ್ಕೋ ಕೆಳಕ್ಕೋ ಉಬ್ಬುತ್ತದೆ. ಆರುವಾಗ ಮೊದಲಿಗಿಂತ ಕುಗ್ಗಿ ಸುತ್ತಲಿನದನ್ನೂ ಎಳೆಯುತ್ತದೆ. ಮಡಿಕೆಗಳಿರುವ ಫ್ಲೋರಿನಲ್ಲಿ ಇದು ಅಷ್ಟಾಗಿ ಕಾಣದು. ಬಾನೆಟ್, ಟಾಪ್, ಬಾಗಿಲಿನಂಥ ಅಗಲವಾದ ತಗಡಿನಲ್ಲಿ ದೂರದಿಂದಲೇ ಅಲೆ ಕಾಣುತ್ತದೆ. ಆಗ ತಗಡಿನ ಹಿಂದೆ ಡಾಲಿ (ಆನಿಕೆಯ ಕಬ್ಬಿಣದ ಗಟ್ಟಿ) ಕೊಟ್ಟು ಬೆಸುಗೆಯ ಮೇಲೆ ಸುತ್ತಿಗೆಯಿಂದ ಹದವಾಗಿ ಬಡಿದು, ಕುಗ್ಗಿದ್ದನ್ನು ಮತ್ತೆ ಹಿಗ್ಗಿಸಬೇಕು. ಗ್ಯಾಸ್ ವೆಲ್ಡಿಂಗಿನ ಕಾಲದಿಂದ ಟಿಂಕರ್ ಮೇಸ್ತ್ರಿಗಳ ಕೈಯಲ್ಲಿರುವ ಈ ವಿದ್ಯೆ ಹೊಸ ಮಿಷನ್ ಬಂದರೂ ಬೆಲೆ ಕಳೆದುಕೊಂಡಿಲ್ಲ. ತೂತು ಮುಚ್ಚಬೇಕಾದಲ್ಲಿ ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿಯಿರಿ. ಉಕ್ಕು ತಾಮ್ರಕ್ಕೆ ಅಂಟುವುದಿಲ್ಲ, ಕಾವನ್ನೂ ತಾಮ್ರವೇ ಹೀರಿಕೊಳ್ಳುತ್ತದೆ.

ಕಂಪನಿಯಲ್ಲಿ ಸ್ಪಾಟ್ ವೆಲ್ಡ್ ಮಾಡಿದ ಜೋಡಣೆಯಿದ್ದರೆ ಮೇಲಿನ ತಗಡಿಗೆ 8 ಮಿ.ಮೀ. ರಂಧ್ರ ಕೊರೆದು, ಅಡಿಯ ತಗಡಿಗೆ ಬಿಗಿಯಾಗಿ ಕ್ಲಾಂಪ್ ಮಾಡಿ. ನಡುವಿನಲ್ಲಿ ಅಡಿಯ ತಗಡನ್ನು ಕರಗಿಸಿ, ಸುತ್ತುತ್ತ ಅಂಚಿಗೆ ಬನ್ನಿ. ಇಲ್ಲಿ ಎರಡು ಪದರ ಇರುವುದರಿಂದ ಕರೆಂಟ್ ಸ್ವಲ್ಪ ಏರಿಸಬೇಕು. ಮೂಲದಲ್ಲಿ ಎಷ್ಟು ಸ್ಪಾಟ್ ಇದ್ದವೋ ಅಷ್ಟಕ್ಕೆ ಕಡಿಮೆಯಾಗಬಾರದು. ಅಪಘಾತದಲ್ಲಿ ಪೆಟ್ಟು ಹಂಚಿಕೊಳ್ಳುವುದು ಅವೇ.

ಬೆಸೆಯಬಾರದ ಕಡೆ, ಮರೆಯಬಾರದ ಮಾತು

ಎಲ್ಲ ತಗಡೂ ಒಂದೇ ಅಲ್ಲ. ಈಚಿನ ಹಲವು ಕಾರುಗಳ ಬಾಗಿಲ ನಡುವಿನ ಪಿಲ್ಲರಿನಂಥ ಭಾಗಗಳಲ್ಲಿ 1,500 ಮೆಗಾಪ್ಯಾಸ್ಕಲ್ ಬಲದ ಬೋರಾನ್ ಉಕ್ಕು ಬಳಸುತ್ತಾರೆ. ಬೆಸುಗೆಯ ಕಾವು ತಾಗಿದ ಕಡೆ ಅದು ಆ ಬಲ ಕಳೆದುಕೊಳ್ಳುತ್ತದೆ. ಹೊರಗೆ ನೋಡಿದರೆ ಏನೂ ತಿಳಿಯುವುದಿಲ್ಲ. ಅಂಥ ಭಾಗಕ್ಕೆ ಕೈ ಹಾಕುವ ಮೊದಲು ತಯಾರಕರ ರಿಪೇರಿ ಕೈಪಿಡಿ ಓದಲೇಬೇಕು. ಕೈಪಿಡಿ ಬದಲಾಯಿಸು ಎಂದರೆ ಬದಲಾಯಿಸಲೇಬೇಕು. 2023ರಿಂದ ಭಾರತ್ ಎನ್‌ಕ್ಯಾಪ್ ಕೊಡುತ್ತಿರುವ ಸುರಕ್ಷತೆಯ ನಕ್ಷತ್ರಗಳು ಕಾರ್ಖಾನೆಯಿಂದ ಹೊರಬಂದ ಕಾರಿಗೆ ಸಂದವು, ತಪ್ಪಾಗಿ ಬೆಸೆದ ಕಾರಿಗಲ್ಲ.

ಗನ್ ಎತ್ತುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಹತ್ತಿರವೇ ಕಚ್ಚಿಸಿ. ಸೀಟು, ಕಾರ್ಪೆಟ್, ಸ್ಪಂಜು ತೆಗೆಯಿರಿ. ಪೆಟ್ರೋಲ್ ಪೈಪ್ ಎಲ್ಲಿ ಹಾದಿದೆ ಎಂದು ನೋಡಿಕೊಳ್ಳಿ. ಸಿಎನ್‌ಜಿ ಸಿಲಿಂಡರ್ ಇದ್ದರೆ ಬಲ್ಲವರಿಂದ ಬಿಚ್ಚಿಸದೆ ಕಿಡಿ ಹಾರಿಸಬೇಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ತಗಡಿನ ಮೇಲೆ ಆರ್ಕ್ ಹೊಡೆದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಇದು ಜೀವಕ್ಕೇ ಅಪಾಯ. ಇನ್ನು ಕಣ್ಣು ಮುಚ್ಚಿ ಟ್ಯಾಕ್ ಹೊಡೆಯುವ ಅಭ್ಯಾಸ ನಮ್ಮ ಗ್ಯಾರೇಜುಗಳಿಂದ ತೊಲಗಲೇಬೇಕು. ಆರ್ಕಿನ ನೇರಳಾತೀತ ಕಿರಣ ಸುಟ್ಟ ಕಣ್ಣು ಆಗಲೇ ಉರಿಯುವುದಿಲ್ಲ, ಉರಿ ಶುರುವಾಗುವುದು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ. ಕಲಿಯಲು ಬಂದ ಹುಡುಗನ ಕೈಗೆ ಗನ್ ಕೊಡುವ ಮೊದಲು ಮುಖಕ್ಕೆ ಹೆಲ್ಮೆಟ್ ಕೊಡುವುದು ಗ್ಯಾರೇಜ್ ಮಾಲೀಕರ ಹೊಣೆ.

ಬೆಸುಗೆ ಮುಗಿದರೆ ಕೆಲಸ ಮುಗಿಯಲಿಲ್ಲ. ತಗಡಿನ ಹಿಂಬದಿಯ ಬಣ್ಣ ಸುಟ್ಟುಹೋಗಿರುತ್ತದೆ. ಮುಂದಿನ ತುಕ್ಕು ಶುರುವಾಗುವುದು ಅಲ್ಲಿಂದಲೇ. ಅಲ್ಲಿಗೆ ಪ್ರೈಮರ್, ಜೋಡಣೆಗೆ ಸೀಲರ್, ಟೊಳ್ಳಿನೊಳಗೆ ವ್ಯಾಕ್ಸ್ ಸಿಂಪಡಿಸಬೇಕು. ರನ್ನಿಂಗ್ ಬೋರ್ಡಿನ ಅಡಿಯಲ್ಲಿ ನೀರಿಳಿಯಲು ಕಂಪನಿಯವರೇ ಬಿಟ್ಟ ರಂಧ್ರಗಳನ್ನು ಬೆಸುಗೆಯಿಂದಲೋ ಪುಟ್ಟಿಯಿಂದಲೋ ಮುಚ್ಚಬಾರದು. ಮುಚ್ಚಿದರೆ ಹೊಸ ತಗಡೂ ಒಳಗಿಂದಲೇ ಕೊಳೆಯುತ್ತದೆ.

ಕಾರು ಬಿಡಲು ಹೋದವರು ಕೆಲಸಕ್ಕೆ ಎಷ್ಟಾಗುತ್ತದೆ ಎಂದು ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ: ಎಷ್ಟು ಮಿ.ಮೀ. ವೈರ್ ಹಾಕುತ್ತೀರಿ, ಯಾವ ಗ್ಯಾಸ್ ಬಳಸುತ್ತೀರಿ, ಬೆಸೆದು ಮುರಿದು ನೋಡಿದ ಪರೀಕ್ಷೆಯ ತುಂಡು ತೋರಿಸುತ್ತೀರಾ? ಗ್ರಾಹಕರು ಕೇಳತೊಡಗಿದರೆ ಗ್ಯಾರೇಜಿನವರು 0.6ರ ರೋಲ್ ತರಿಸುತ್ತಾರೆ, ಅವರು ತರಿಸಿದರೆ ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಪುಟ್ಟಿಯಡಿ ಬಚ್ಚಿಟ್ಟ ತೂತಿನ ಮೇಲೆ ಕಾಲಿಟ್ಟುಕೊಂಡು ಮನೆಮಂದಿ ಓಡಾಡುವುದು ಅಷ್ಟರಿಂದಲೇ ತಪ್ಪುತ್ತದೆ.